ಸಾಲಿನ ಕೊನೆಯವಳಿಗೂ ಕೇಳಿಸುವ ಲೆಕ್ಕ

ಅವರ ಹುಬ್ಬುಗಳ ಮೇಲೆ ಸದಾ ಹಿಟ್ಟು ಕೂತಿರುತ್ತಿತ್ತು. ರಾಗಿ ಬೀಸಿದ ದಿನ ಬೂದುಬಣ್ಣ, ಹಬ್ಬದ ಹಿಂದುಮುಂದಿನ ದಿನಗಳಲ್ಲಿ ಅಕ್ಕಿಹಿಟ್ಟಿನ ಬಿಳುಪು, ಕಡಲೆ ಬೀಸಿದ್ದರೆ ತೆಳುಹಳದಿ. ಸಂಜೆ ಅವರ ಮುಖ ನೋಡಿದರೆ ಸಾಕು, ನಾಳೆ ಊರಿನ ಒಲೆಗಳ ಮೇಲೆ ಏನು ಬೇಯುತ್ತದೆ ಎಂದು ಹೇಳಬಹುದಿತ್ತು. ಹಿಟ್ಟಿನ ಗಿರಣಿಗೆ ನಮ್ಮೂರಲ್ಲಿ ‘ಮಿಷನ್’ ಎನ್ನುತ್ತಾರೆ. ಆ ಗಿರಣಿ ಅವರದಾದ್ದರಿಂದ ಅವರು ಊರಿಗೆಲ್ಲ ಮಿಷನಕ್ಕ. ನನ್ನ ಅಜ್ಜಿಗೂ ಅಕ್ಕ, ನನಗೂ ಅಕ್ಕ.

ಅವರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಯಂತ್ರದ ಗದ್ದಲದ ಮೇಲೆ ಏರಿಸಿದ ದನಿ, ಕರೆಂಟು ಹೋದಾಗಲೂ ಇಳಿಯುತ್ತಿರಲಿಲ್ಲ. ಮಿಷನ್ ನಿಂತ ಮೌನದಲ್ಲಿ ಅವರು ‘ನೀರು ಕೊಡೇ’ ಎಂದರೆ ಬೀದಿಯ ನಾಯಿಗಳು ಎದ್ದು ನಿಲ್ಲುತ್ತಿದ್ದವು. ಕಿವಿಯೂ ಸ್ವಲ್ಪ ಮಂದ. ಯಾರಾದರೂ ಹತ್ತಿರ ಬಂದು ಪಿಸುಗುಟ್ಟಿದರೆ, ‘ಕೇಳ್ಸೋ ಹಂಗೇಳು. ಮೆಲ್ಲುಗೇಳೋ ಮಾತು ಕದ್ದಿರೋ ಮಾತು’ ಎನ್ನುತ್ತಿದ್ದರು.

ಇಂಥವರನ್ನು ಊರಿನ ಸೇವಾ ಸಂಸ್ಥೆಯ ಖಜಾಂಚಿ ಮಾಡಿದ್ದೇಕೆ ಎಂದು ತಿಳಿಯಬೇಕಾದರೆ ಅವರು ಬೀಸುವುದನ್ನು ನೋಡಬೇಕಿತ್ತು. ಮಿಷನ್ನಿನ ಬಾಯಿಗೆ ಕಟ್ಟಿದ ಉದ್ದನೆಯ ಬಟ್ಟೆಯ ತೋಳಿನ ಮೂಲಕ ಹಿಟ್ಟು ಡಬ್ಬಕ್ಕೆ ಇಳಿಯುತ್ತದೆ. ಕಾಳು ಮುಗಿದ ಮೇಲೂ ಒಂದಿಷ್ಟು ಹಿಟ್ಟು ಆ ಬಟ್ಟೆಯ ಮಡಿಕೆಗಳಲ್ಲಿ ಉಳಿಯುತ್ತದೆ. ಅನೇಕ ಗಿರಣಿಗಳಲ್ಲಿ ಅದು ಮಾಲೀಕರ ಪಾಲು. ಅಕ್ಕ ಮಾತ್ರ ಪ್ರತಿಯೊಬ್ಬರ ಸರದಿ ಮುಗಿದಾಗಲೂ ಆ ತೋಳನ್ನು ಅಂಗೈಯಿಂದ ಪಟಪಟನೆ ಬಡಿದು, ಕೊನೆಯ ಹಿಟ್ಟೂ ಅವರವರ ಡಬ್ಬಕ್ಕೇ ಉದುರುವಂತೆ ನೋಡಿಕೊಳ್ಳುತ್ತಿದ್ದರು. ‘ಮಿಷನ್‌ಗೆ ಹೊಟ್ಟೆ ಇಲ್ಲ ಕಣೇ. ಹೊಟ್ಟೆ ಇರೋದು ಮಿಷನ್ ಮಡೀಕಂಡೋರ್ಗೆ’ ಎಂದು ನನಗೊಮ್ಮೆ ಹೇಳಿದ್ದರು.

ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ಊರಿಗೆ ಬಂದು ಸಂಸ್ಥೆಯ ಕೆಲಸಕ್ಕೆ ಕೈಹಾಕಿದ ಹೊತ್ತಿಗೆ ಊರಲ್ಲಿ ಒಂದು ದುರಂತ ನಡೆದಿತ್ತು. ಊರಿನ ಅರ್ಧ ತೋಟಗಳ ತೆಂಗಿನಕಾಯಿ ಕೀಳುತ್ತಿದ್ದವನು, ಬೆಳಗಿನ ಇಬ್ಬನಿಗೆ ಒದ್ದೆಯಾಗಿದ್ದ ಮರದಿಂದ ಜಾರಿ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದ. ಬಿದ್ದದ್ದು ನಮ್ಮ ಸಂಸ್ಥೆಯ ಅಧ್ಯಕ್ಷರ ತೋಟದಲ್ಲಿ. ಅವರು ಆಸ್ಪತ್ರೆಯ ಮೊದಲ ಖರ್ಚು ಕೊಟ್ಟು, ಹಣ್ಣಿನ ಬುಟ್ಟಿಯೊಂದಿಗೆ ಒಮ್ಮೆ ಹೋಗಿ ಬಂದಿದ್ದರು. ಅಲ್ಲಿಗೆ ಆ ಅಧ್ಯಾಯ ಮುಗಿಯಿತೆಂದು ಅವರು ನಂಬಿದ್ದರು. ತಿಪಟೂರಿನ ವೈದ್ಯರು ಬೇರೆ ಮಾತು ಹೇಳಿದರು: ತಪ್ಪದೆ ಕರೆತಂದು ಫಿಸಿಯೋಥೆರಪಿ ಮಾಡಿಸಿದರೆ ಅವನು ಗಾಲಿಕುರ್ಚಿಯಲ್ಲಿ ಕೂತು ಕೈಕೆಲಸವನ್ನಾದರೂ ಮಾಡಿಯಾನು, ಹಾಗೆಯೇ ಮಲಗಿಸಿಟ್ಟರೆ ಬೆನ್ನಿನ ಹುಣ್ಣೇ ಅವನನ್ನು ಕೊಲ್ಲುತ್ತದೆ. ಬಸ್ಸಿಗೆ ಹತ್ತಿಸುವಂತಿರಲಿಲ್ಲ. ರಾಗಿಮೂಟೆ ಸಾಗಿಸುವ ಅಕ್ಕನ ಲಗೇಜ್ ಆಟೋದಲ್ಲಿ ಹಾಸಿಗೆ ಹಾಸಿ ಕರೆದೊಯ್ದರೆ, ರಸ್ತೆಯ ಕುಲುಕಾಟಕ್ಕೆ ಒಣಗುತ್ತಿದ್ದ ಹುಣ್ಣು ಮತ್ತೆ ಬಾಯಿಬಿಡುತ್ತಿತ್ತು.

ನಾನು ನೋಡಲು ಹೋದಾಗ ಅವನು ಮಲಗಿದಲ್ಲಿಂದ ಸೂರಿನ ಮರದ ಜಂತೆಗಳನ್ನು ನೋಡುತ್ತಲೇ ನಕ್ಕ. ‘ಮರದ ಮ್ಯಾಲಿಂದ ಮೂರೂರು ಕಾಣ್ತಿದ್ವು ಕಣವ್ವಾ. ಈಗ ಮೂರು ಜಂತೆ.’

ಗಾಲಿಕುರ್ಚಿಯನ್ನು ಹಾಗೇ ಏರಿಸಬಲ್ಲ ಒಂದು ಗಾಡಿ ಬೇಕಿತ್ತು. ಸುತ್ತಲ ಹಳ್ಳಿಗಳಲ್ಲಿ ಹೀಗೆ ಮರದಿಂದ ಬಿದ್ದು ಮಲಗಿದ್ದ ಇತರರಿಗೂ ಅದೇ ದಾರಿ. ಸಂಸ್ಥೆ ಅದನ್ನು ವಿಶೇಷ ಯೋಜನೆಯೆಂದು ಒಪ್ಪಿತು, ಹಣ ಮಾತ್ರ ಇರಲಿಲ್ಲ. ನಾನು ಕಂಪನಿಗಳಿಗೆ ಅರ್ಜಿ ಬರೆದೆ. ಒಂದು ಕಂಪನಿಯವರು ‘ಮನ ಕಲಕುವಂಥ’ ಫೋಟೋ ಕೇಳಿದರು, ಹುಣ್ಣು ಕಾಣುವ ಹಾಗಿದ್ದರೆ ಒಳ್ಳೆಯದಂತೆ. ಅದನ್ನು ಅಕ್ಕನಿಗೆ ಹೇಳಿದಾಗ ಅವರು ಮಿಷನ್ನಿನ ಗುಂಡಿಯನ್ನೇ ಒತ್ತಿ ನಿಲ್ಲಿಸಿದರು. ಸಾಲು ನಿಂತಿದ್ದಾಗ ಅವರು ಹಾಗೆ ಮಾಡಿದ್ದನ್ನು ನಾನು ಅದೊಂದೇ ಸಲ ಕಂಡದ್ದು.

‘ಹುಣ್ಣು ತೋರ್ಸಿ ಇಸ್ಕಳೋ ದುಡ್ಡು ಬ್ಯಾಡ. ಅವ್ನು ನಮ್ಮ ಕಾಯಿ ಕಿತ್ತೋನು. ಊರ್‍ನ ಕಾಯಿನೇ ಕೇಳಾನ.’

ಮನವಿ ಬರೆಯುವ ಕೆಲಸ ನನ್ನದಾಯಿತು. ತೆಂಗಿನ ಸೀಮೆಯವರೆಂದು ಬೀಗುವ ನಾವು, ಕಾಯಿಯ ಗಾತ್ರ ಬಲ್ಲೆವು, ಕೊಬ್ಬರಿಯ ಧಾರಣೆ ಬಲ್ಲೆವು. ನಮ್ಮ ಮರ ಏರಿದವನು ನೆಲಕ್ಕೆ ಬಿದ್ದಾಗ ಅವನ ಮನೆಯ ದಾರಿಯನ್ನೇ ಮರೆಯುತ್ತೇವೆ, ಇದು ಯಾವ ನ್ಯಾಯ ಎಂದು ಬರೆದೆ. ಓದಿ ಹೇಳಿದಾಗ ಅಕ್ಕ ತಲೆದೂಗಿದರು. ‘ಚೆನ್ನಾಗ್ ಬೈದಿದೀಯ. ಒಂದಕ್ಸರಾನೂ ತಗೀಬ್ಯಾಡ. ಆದ್ರೆ ದಾನ ಮಾಡಿ ಅಂತ ಬರ್ದಿದೀಯಲ್ಲ, ಅದ್ನ ಹೊಡ್ದಾಕು. ದಾನ ಕೊಟ್ಟೋರು ಮರ್ತೋಯ್ತಾರೆ. ಮೀಸಲು ಅಂತ ಬರಿ.’

ನಮ್ಮ ಕಡೆ ಮನೆದೇವರಿಗೆಂದು ಒಂದು ಮರವನ್ನೋ ಒಂದಿಷ್ಟು ಕಾಯನ್ನೋ ಮೀಸಲು ಬಿಡುವ ರೂಢಿಯಿದೆ. ಮರಕ್ಕೆ ಸುಣ್ಣದ ಪಟ್ಟೆ ಬಳಿದ ಮೇಲೆ ಅದರ ಕಾಯಿಯನ್ನು ಮನೆಯವರೇ ಮುಟ್ಟುವಂತಿಲ್ಲ. ನೆಂಟರು ಬರಲಿ, ಮದುವೆಯೇ ಬರಲಿ, ಮೀಸಲು ಮೀಸಲೇ. ಅಪ್ಪಿತಪ್ಪಿ ಮುರಿದವನು ಎರಡರಷ್ಟು ತುಂಬಿಕೊಡಬೇಕು. ಯಾವ ಉದ್ದೇಶಕ್ಕೆ ಎತ್ತಿಟ್ಟದ್ದೋ ಅದಕ್ಕಲ್ಲದೆ ಬೇರೆಯದಕ್ಕೆ ಸಲ್ಲದು ಎಂಬ ಶಿಸ್ತನ್ನು ಊರು ಆಗಲೇ ಬಲ್ಲದು, ನಾವು ಅದನ್ನು ದೇವರ ಕೋಣೆಯಿಂದ ಹೊರಗೆ ಕರೆತರಬೇಕಷ್ಟೆ ಎಂಬುದು ಅಕ್ಕನ ಲೆಕ್ಕ.

ನಾವಿಬ್ಬರೂ ಸುಣ್ಣದ ಡಬ್ಬಿ ಹಿಡಿದು ಮನೆಮನೆಗೆ ಹೊರಟೆವು. ಮೊದಲ ಮನೆಯ ಜಗುಲಿಯಲ್ಲೇ ಒಬ್ಬ ಮುದುಕಿ ಕಿಚಾಯಿಸಿದಳು: ‘ಏನ್ ಮಿಷನಕ್ಕಾ, ಮಿಷನ್ ಬುಟ್ಟು ಭಿಕ್ಸೆಗೆ ಇಳ್ದ್ಯಾ?’

‘ಭಿಕ್ಸೆ ಅಲ್ಲ ಕಣೇ, ವಸೂಲಿ! ನಿಮ್ಮ ಹಿತ್ಲು ಮರ ಹತ್ತಿದ್ದು ಯಾರು, ನಿನ್ನ ಗಂಡಾನಾ?’

ಬೀದಿಗೆ ಬೀದಿಯೇ ನಕ್ಕಿತು. ಮುದುಕಿಯೂ ನಕ್ಕು, ಹಿತ್ತಲಿನ ಬಾಗಿಲು ತೆರೆದಳು. ಅಧ್ಯಕ್ಷರೂ ಒಂದು ಸಾಲು ಮರಗಳಿಗೆ ಪಟ್ಟೆ ಬಳಿಸಿಕೊಂಡು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು.

ಹಸಿಕಾಯಿ ಮಾರಿದರೆ ಗಾಡಿಯ ಹಣ ಹುಟ್ಟುತ್ತಿರಲಿಲ್ಲ, ಕೊಬ್ಬರಿಯೇ ಆಗಬೇಕಿತ್ತು; ಅಲ್ಲಿಯವರೆಗೆ ಅವನಿಗೆ ಆ ಆಟೋವೇ ಗತಿ. ಕೊಬ್ಬರಿ ಅವಸರದ ಬೆಳೆಯಲ್ಲ. ಕಿತ್ತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹರವಿ ವರ್ಷದ ಹತ್ತಿರ ಕಾಯಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದಾಗ ಗಡಗಡ ಎಂದರೆ ಆಗ ಸುಲಿಯಬಹುದು. ಮೀಸಲು ಕಾಯಿಯನ್ನೆಲ್ಲ ಒಂದೇ ಕಡೆ ಕೂಡಿಡೋಣ ಎಂದು ಅಧ್ಯಕ್ಷರು ತಮ್ಮ ಉಗ್ರಾಣ ಬಿಟ್ಟುಕೊಡಲು ಮುಂದಾದರು. ‘ಬ್ಯಾಡ ಸ್ವಾಮಿ. ಅವ್ರವ್ರ ಮೀಸಲು ಅವ್ರವ್ರ ಅಟ್ಟದ್ ಮ್ಯಾಲೇ ಇರ್ಲಿ. ದಿನಾ ಉಣ್ಣಕ್ಕೆ ಕೂತಾಗ ತಲೆಮ್ಯಾಲೆ ಐತೆ ಅಂತ ಗ್ಯಾಪಕ ಇರ್ತದೆ’ ಎಂದರು ಅಕ್ಕ. ಪ್ರತಿ ಭಾನುವಾರ ಗಿರಣಿಯ ಬಾಗಿಲಲ್ಲಿ ನಿಂತು ಯಾರ ಅಟ್ಟದಲ್ಲಿ ಎಷ್ಟಿದೆ ಎಂದು ಕೂಗಿ ಹೇಳುತ್ತಿದ್ದರು. ಕೂಗಿದರೆ ಮುಗಿಯಲಿಲ್ಲ. ‘ಕೊನೇಲಿರೋಳೇ, ಕೇಳುಸ್ತಾ?’ ಎಂದು ಕೇಳುವರು. ಸಾಲಿನ ತುದಿಯಲ್ಲಿ ನಿಂತವಳು ‘ಕೇಳುಸ್ತು ಕಣಕ್ಕಾ’ ಎನ್ನುವವರೆಗೆ ಮುಂದಿನ ಡಬ್ಬ ಎತ್ತುತ್ತಿರಲಿಲ್ಲ.

ಅಧ್ಯಕ್ಷರು ಮೆಲುದನಿಯ ಮನುಷ್ಯರು. ಸಭೆಗಳನ್ನು ಅವರು ಆ ಮೆಲುದನಿಯಲ್ಲೇ ಗೆಲ್ಲುತ್ತಿದ್ದರು. ಏನು ತೀರ್ಮಾನವಾಯಿತೆಂದು ನಮಗೆ ತಿಳಿಯುವಷ್ಟರಲ್ಲಿ ಚಹಾ ಬಂದಿರುತ್ತಿತ್ತು. ಕಾಯಿ ಇನ್ನೂ ಅಟ್ಟದ ಮೇಲಿದ್ದಾಗ ಕೊಬ್ಬರಿ ಧಾರಣೆ ಏರತೊಡಗಿತು. ಒಂದು ಭಾನುವಾರ ಅವರು ಗಿರಣಿಗೇ ಬಂದರು.

‘ಅಕ್ಕಾ, ಒಂದು ಮಾತಿತ್ತು. ಮಿಷನ್ ನಿಲ್ಸಿದ್ರೆ...’

‘ನಿಲ್ಸಕಾಯ್ತದಾ? ಜನ ಕಾಯ್ತಾವ್ರೆ. ಹೇಳಿ ಸ್ವಾಮಿ!’

ಅವರು ಬಾಗಿ ಅಕ್ಕನ ಕಿವಿಯಲ್ಲಿ ಏನೋ ಹೇಳಿದರು. ಅಕ್ಕ ನೆಟ್ಟಗಾದರು.

‘ಏನಂದ್ರಿ? ಮೀಸಲು ಕಾಯಿ ಮಾರಿ ಸಂಸ್ಥೆ ಆಫೀಸಿನ ಮ್ಯಾಲೆ ಮೀಟಿಂಗ್ ಹಾಲ್ ಕಟ್ಟಾನಾ ಅಂದ್ರಾ? ಗಾಡಿ ಆಮ್ಯಾಕೆ ಅಂದ್ರಾ?’

ಸಾಲಿನ ತಲೆಗಳೆಲ್ಲ ಇತ್ತ ತಿರುಗಿದವು. ಅಧ್ಯಕ್ಷರು ಸುತ್ತ ನೋಡಿದರು. ‘ಹಂಗಲ್ಲಕ್ಕಾ, ಸಾಲ ಅಂತ ತಗಳಾನ. ಮುಂದಿನ ವರ್ಷ ಗಾಡಿ ತಂದ್ರಾಯ್ತು. ಸ್ವಲ್ಪ ಮೆಲ್ಲಗೆ...’

‘ಮುಂದಿನ್ ವರ್ಷ ಅಂತೆ ಕಣ್ರವ್ವಾ!’ ಎಂದು ಅಕ್ಕ ಸಾಲಿಗೆ ಸಾರಿದರು.

ಸಾಲಿನ ನಡುವೆ, ಬಿದ್ದವನ ಹೆಂಡತಿ ರಾಗಿಚೀಲ ಹಿಡಿದು ನಿಂತಿದ್ದಳು. ಅವಳು ಚೀಲವನ್ನು ನೆಲಕ್ಕಿಟ್ಟಳು. ‘ಮುಂದಿನ್ ವರ್ಷದ ತಂಕ ನಮ್ಮನೇರು ಇರ್ತಾರಾ ಸ್ವಾಮಿ?’

ಅಧ್ಯಕ್ಷರು ಹೊರಟುಹೋದ ಮೇಲೆ ನಾನು ಅಕ್ಕನನ್ನು ಕೇಳಿದೆ: ನಿಜವಾಗಿಯೂ ಕಿವಿ ಕೇಳಿಸಲಿಲ್ಲವೇ, ಅಥವಾ ಬೇಕೆಂದೇ ಕೂಗಿದಿರಾ? ಮಿಷನ್ನಿನ ಬಟ್ಟೆಯ ತೋಳು ಬಡಿಯುತ್ತಾ ಅಕ್ಕ ಹೇಳಿದರು: ‘ಕೇಳುಸ್ತು ಕಣೇ. ಕಿವೀಗೆ ಬಿದ್ದದ್ದು ಬಾಯಿಗೆ ಬಂತು, ಅಷ್ಟೇಯ.’

ಊರಿನ ಅಟ್ಟಗಳು ಕೈಗೆ ಸಿಗಲಿಲ್ಲವಾದರೂ ಅಧ್ಯಕ್ಷರಿಗೆ ತಮ್ಮ ಅಟ್ಟವಿತ್ತು. ತಮ್ಮ ಪಾಲಿನ ಮೀಸಲನ್ನಾದರೂ ಧಾರಣೆ ಇಳಿಯುವ ಮೊದಲು ಮಾರಿ ಆ ಸಭಾಂಗಣದ ಕೆಲಸ ಶುರು ಮಾಡಿಬಿಟ್ಟರೆ ಉಳಿದವರು ತಾವಾಗಿ ಹಿಂದೆ ಬರುತ್ತಾರೆಂಬ ಎಣಿಕೆ. ಏಣಿಯ ತುದಿಯಲ್ಲಿ ನಿಂತು ಕೈಗೆ ಸಿಕ್ಕ ಕಾಯಿಗಳನ್ನು ಅಲ್ಲಾಡಿಸಿದರು. ಗಡಗಡ ಎಂದವು. ಅವು ಹಿಂದಿನ ಕೊಯ್ಲಿನಿಂದ ಉಳಿದ ಹಳೆಯ ಕಾಯಿಗಳು. ಮೀಸಲು ಕಾಯಿ ಒಳಗಡೆ ಇನ್ನೂ ಹಸಿಯಾಗಿತ್ತು. ಹುಟ್ಟಿದಾಗಿನಿಂದ ಕೊಬ್ಬರಿಯಲ್ಲೇ ಬೆಳೆದ ಮನುಷ್ಯರು, ಏಣಿಯಿಂದ ಎರಡು ಹೆಜ್ಜೆ ಒಳಗೆ ಹೋಗಿ ನೋಡದೆ, ಎಲ್ಲವನ್ನೂ ಇಳಿಸಿ ಒಡೆಯಲು ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಕಾಯಿ ಒಡೆಯುತ್ತಿದ್ದ ಹೆಂಗಸೊಬ್ಬಳು ಸೆರಗಿನಲ್ಲಿ ಒಂದು ಹೋಳು ಕಟ್ಟಿಕೊಂಡು ಗಿರಣಿಗೆ ಓಡಿಬಂದಳು. ‘ಅಕ್ಕಾ, ಅಧ್ಯಕ್ಸರ ಮೀಸಲು ನೋಡ್ಬಾ! ಬಾಣಂತಿ ಹಂಗೆ ಹಾಲು ಸುರುಸ್ತಾ ಕುಂತೈತೆ!’

ತಿರುಳು ಚಿಪ್ಪಿಗೇ ಅಂಟಿತ್ತು. ಅದು ಕೊಬ್ಬರಿಯೂ ಆಗಲಿಲ್ಲ, ಮತ್ತೆ ಅಟ್ಟಕ್ಕೆ ಏರಿಸುವಂತೆಯೂ ಉಳಿಯಲಿಲ್ಲ.

ಅಕ್ಕ ಮಿಷನ್ನನ್ನು ಸೊಸೆಯ ಕೈಗೆ ಬಿಟ್ಟು, ಹಿಟ್ಟಿನ ಮುಖದಲ್ಲೇ ಅಧ್ಯಕ್ಷರ ಮನೆಯ ಮುಂದೆ ಹೋಗಿ ನಿಂತರು. ಹಿಂದೆ ನಾನು, ನನ್ನ ಹಿಂದೆ ಗಿರಣಿಯ ಅರ್ಧ ಸಾಲು.

‘ಮೀಸಲು ಮುರುದ್ರೆ ಏನು ರೂಢಿ ಸ್ವಾಮಿ?’

ಅಧ್ಯಕ್ಷರು ಒಳಗೆ ಬನ್ನಿ, ಕೂತು ಮಾತಾಡೋಣ ಎಂದರು. ಅಕ್ಕ ಕದಲಲಿಲ್ಲ. ಮತ್ತೆ ಅದನ್ನೇ ಕೇಳಿದರು, ಇನ್ನೂ ಗಟ್ಟಿಯಾಗಿ. ಆಗ ಅಧ್ಯಕ್ಷರ ವಯಸ್ಸಾದ ತಾಯಿ ಕೋಲೂರಿಕೊಂಡು ಹೊಸ್ತಿಲಿಗೆ ಬಂದರು. ಮಗನ ಮುಖ ನೋಡದೆ ಹೇಳಿದರು: ‘ಎರಡರಷ್ಟು ಕಣಪ್ಪಾ. ನಿಮ್ಮಪ್ಪ ಇದ್ದಿದ್ರೆ ಇಷ್ಟೊತ್ಗೆ ಇಳ್ಸಿರೋರು. ಹಳೇ ಕೊಬ್ಬರಿ ಐತಲ್ಲ, ಅದ್ನ ತಗ್ಸು.’

ನಾನು ಅಲ್ಲಿಗೇ ತೃಪ್ತಳಾಗಲಿಲ್ಲ. ಅವರು ರಾಜೀನಾಮೆ ಕೊಡಲೇಬೇಕು ಎಂದು ಹಟ ಹಿಡಿದೆ. ಅಕ್ಕ ಒಪ್ಪಲಿಲ್ಲ. ‘ರಾಜೀನಾಮೆ ತಗಂಡು ಏನ್ಮಾಡ್ಲಿ, ಬೀಸಕಾಯ್ತದಾ? ಕೊಬ್ಬರಿ ಕೊಡ್ಲಿ. ಕುರ್ಚಿ ಮ್ಯಾಲೆ ಕುಂತಿರ್ಲಿ, ಕಣ್ಣೆದ್ರುಗಿರ್ತಾನೆ.’ ಈ ಒಂದು ವಿಷಯದಲ್ಲಿ ನಾನು ಇಂದಿಗೂ ಅವರೊಂದಿಗೆ ಒಪ್ಪುವುದಿಲ್ಲ. ಮುರಿದ ಮೀಸಲನ್ನು ಎರಡರಷ್ಟು ತುಂಬಬಹುದು, ಮುರಿದ ನಂಬಿಕೆಗೆ ಅಂಥ ರೂಢಿಯಿಲ್ಲ.

ಅಟ್ಟಗಳು ಒಂದೊಂದಾಗಿ ಒಣಗಿದವು. ಅಧ್ಯಕ್ಷರು ತುಂಬಿಕೊಟ್ಟ ಎರಡರಷ್ಟೂ ಸೇರಿ ಊರಿನ ಮೀಸಲು ತಿಪಟೂರಿನ ಹರಾಜಿಗೆ ಹೋಯಿತು. ಒಂದು ಹಳೆಯ ವ್ಯಾನು ಬಂತು; ಅದಕ್ಕೆ ಇಳಿಜಾರಿನ ಹಲಗೆ ಕೂಡಿಸಿದ್ದಾಯಿತು. ಕೊಟ್ಟವರ ಹೆಸರುಗಳನ್ನು ಅದರ ಮೈಮೇಲೆ ಬರೆಸಬೇಕೆಂದು ಅಧ್ಯಕ್ಷರು ಸೂಚಿಸಿದರು. ಅಕ್ಕ ಉದ್ದಕ್ಕೂ ಒಂದೇ ಒಂದು ಬಿಳಿ ಪಟ್ಟೆ ಹೊಡೆಸಿದರು, ಮೀಸಲು ಮರಕ್ಕೆ ಬಳಿಯುವಂಥದೇ.

ಮೊದಲ ಸಲ ಹೊರಟ ದಿನ, ಮರದಿಂದ ಬಿದ್ದವನು ಗಿರಣಿಯ ಮುಂದೆ ಗಾಡಿ ನಿಲ್ಲಿಸಲು ಹೇಳಿದ. ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಮಿಷನ್ನಿನ ಸದ್ದಿನ ಮೇಲೆ ಕೂಗಿದ: ‘ಅಕ್ಕಾ, ಜಂತೆ ಮುಗುದ್ವು!’ ಅಕ್ಕ ಕೈ ಎತ್ತಿದರು. ಕಣ್ಣೊರೆಸಿಕೊಂಡಾಗ ಕೆನ್ನೆಯ ಮೇಲೆ ಹಿಟ್ಟು ಮುದ್ದೆಯಾಯಿತು.

ಹೋದ ಶ್ರಾವಣದಲ್ಲಿ ಎದೆಯ ಕಾಯಿಲೆಯಿಂದ ಅಕ್ಕ ತೀರಿಕೊಂಡರು. ಸಂತಾಪ ಸಭೆಯಲ್ಲಿ ಅಧ್ಯಕ್ಷರು ಮೆಲುದನಿಯಲ್ಲಿ, ಅಕ್ಕ ಮೃದುಭಾಷಿಗಳು, ಸದ್ದಿಲ್ಲದೆ ಸೇವೆ ಮಾಡಿದವರು ಎಂದು ಬಣ್ಣಿಸಿದರು. ನನಗೆ ಕೂತಿರಲಾಗಲಿಲ್ಲ. ನಾನು ಏಳುವ ಮೊದಲೇ ಹಿಂದಿನಿಂದ ಒಂದು ದನಿ ಬಂತು. ಗಾಲಿಕುರ್ಚಿಯಲ್ಲಿ ಕೂತಿದ್ದ ಅವನದು. ‘ಯಾರ್ ಬಗ್ಗೆ ಹೇಳ್ತಾವ್ರೆ ಇವ್ರು? ಮಿಷನಕ್ಕ ಮೆಲ್ಲುಗೆ ಮಾತಾಡಿದ್ದ ನಾನಂತೂ ಕಾಣೆ.’ ಸಭೆ ನಕ್ಕಿತು, ಅತ್ತಿತು. ನಾನು ಎದ್ದು ಒಂದೇ ಮಾತು ಹೇಳಿದೆ: ಅವರು ಸದ್ದು ಮಾಡಿದ್ದರಿಂದಲೇ ಆ ಗಾಡಿ ಓಡುತ್ತಿದೆ, ಸತ್ತ ಮೇಲೆ ಅವರ ಬಾಯಿ ಕಟ್ಟಬೇಡಿ.

ಈಗ ಗಿರಣಿಯನ್ನು ಅವರ ಸೊಸೆ ನಡೆಸುತ್ತಾಳೆ. ಖಜಾಂಚಿ ನಾನು. ಲೆಕ್ಕವನ್ನು ಅಚ್ಚು ಹಾಕಿಸಿ ಹಂಚಿದರೆ ಸಾಕಲ್ಲ ಎಂದು ಅಧ್ಯಕ್ಷರು ಆಗಾಗ ಸೂಚಿಸುತ್ತಾರೆ. ಅಚ್ಚೂ ಹಾಕಿಸುತ್ತೇನೆ. ಆದರೆ ಭಾನುವಾರ ಗಿರಣಿಯ ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟಿಲ್ಲ. ನನಗಾಗಿ ಮಿಷನ್ ನಿಲ್ಲಿಸುವುದಿಲ್ಲ, ನಾನು ಕೇಳುವುದೂ ಇಲ್ಲ. ವ್ಯಾನು ಎಲ್ಲೆಲ್ಲಿಗೆ ಹೋಯಿತು, ಯಾರನ್ನು ಕರೆದೊಯ್ದಿತು, ಯಾರ ಅಟ್ಟದಲ್ಲಿ ಈ ವರ್ಷದ ಮೀಸಲು ಎಷ್ಟಿದೆ ಎಂದು ಗಂಟಲು ಹರಿಯುವಂತೆ ಕೂಗುತ್ತೇನೆ. ಮೊದಮೊದಲು ನನ್ನ ದನಿ ಸಾಲಿನ ನಡುವಿಗೇ ಸತ್ತುಹೋಗುತ್ತಿತ್ತು. ‘ಇನ್ನೂ ಗಟ್ಯಾಗಿ ಕಣೇ, ಓದಿದ್ದೆಲ್ಲ ಎಲ್ಲೋಯ್ತು?’ ಎಂದು ಹೆಂಗಸರು ಛೇಡಿಸುತ್ತಿದ್ದರು. ಮತ್ತೆ ಕೂಗುತ್ತಿದ್ದೆ.

ಕೂಗಿ ಮುಗಿಸಿ ಕಾಯುತ್ತೇನೆ. ಸೊಸೆಯ ಕೈ ಬಟ್ಟೆಯ ತೋಳಿನ ಮೇಲೆ ಪಟಪಟನೆ ಬಡಿಯುತ್ತಿರುತ್ತದೆ. ಸಾಲಿನ ತುದಿಯಿಂದ ಒಬ್ಬಳು ಕೈ ಎತ್ತುತ್ತಾಳೆ.

‘ಕೇಳುಸ್ತು ಕಣಕ್ಕಾ.’