ಚರಗದ ದಿನದ ವಿಡಿಯೋ

ಐಗಳಿಯ ಸರಿತಾಗೆ ಎಲ್ಲಿಗೆ ಹೋದರೂ ಫೋಟೋ ತೆಗೆಯುವ ಹುಚ್ಚು. ನಿಪ್ಪಾಣಿಯ ತವರಿನಿಂದ ತಂದ ಪುಟ್ಟ ಕ್ಯಾಮೆರಾದಲ್ಲಿ ಕೃಷ್ಣೆಯ ದಂಡೆ, ದ್ರಾಕ್ಷಿ ತೋಟ, ಹೊಲದ ಊಟ ಎಲ್ಲವನ್ನೂ ಹಿಡಿದಿಟ್ಟಿದ್ದಳು. ಮಗ ವಿಶ್ವಾಸ ಹುಟ್ಟಿದ ಮೇಲಂತೂ ಅವನದೇ ರಾಜ್ಯ. ಅವಳು ಬಣ್ಣದ ಕರವಸ್ತ್ರ ಅಲ್ಲಾಡಿಸಿದರೆ ಸಾಕು, ನೆಟ್ಟಗೆ ನೋಡಿ ನಗುತ್ತಿದ್ದ. ಒಂದೂವರೆ ವರ್ಷವಾದರೂ ಮಾತು ಮಾತ್ರ ಬಂದಿರಲಿಲ್ಲ. ಅದಕ್ಕೆ ಅತ್ತೆ ಚನ್ನವ್ವನ ಉತ್ತರ ಸಿದ್ಧವಿತ್ತು: “ನಮ್ಮ ಮನಿ ಗಂಡಸ್ರು ಮಾತಾಡೂದು ತಡಾನ. ನಿನ್ನ ಗಂಡ ಮೂರು ವರ್ಷಕ್ಕ ‘ಅವ್ವಾ’ ಅಂದಾನ. ಈಗರೆ ಏನ್ ಭಾಳ ಮಾತಾಡ್ತಾನ?”

೨೦೧೪ರ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೊರಟಾಗ ಮೈದುನ ಸಮಾಧಾನ ಹೊಸ ಮೊಬೈಲ್ ಎತ್ತಿ ಹಿಡಿದ.

“ವೈನಿ, ಈ ಸಲ ಫೋಟೋ ಬ್ಯಾಡ್ರಿ. ಫೋಟೋದಾಗ ಎಲ್ಲಾರೂ ಆಧಾರ್ ಕಾರ್ಡಿನ್ಯಾಗ ಕಂಡಂಗ ಕಾಣ್ತೀರಿ. ವಿಡಿಯೋ ಮಾಡೂನು.”

ಜೋಳದ ಹೊಲದಲ್ಲಿ ಪೂಜೆಯಾಯಿತು. ಗಂಡ ಜ್ಞಾನದೇವ ನೈವೇದ್ಯದ ಬುಟ್ಟಿ ಹಿಡಿದು, “ಹುಲ್ಲುಲ್ಲಿಗೋ!” ಎಂದು ಗಂಟಲು ಹರಿಯುವಂತೆ ಕೂಗುತ್ತ ಭೂತಾಯಿಗೆ ಚರಗ ಚೆಲ್ಲಿದ. ವರ್ಷವಿಡೀ ಆಡದ ಮಾತನ್ನೆಲ್ಲ ಅಂದೇ ಆಡಿ ಮುಗಿಸುವವನಂತೆ ಕೂಗಿದ. ಕಡಬು, ಸಜ್ಜಿ ರೊಟ್ಟಿ ತಿಂದು ಎಲ್ಲರೂ ನಗುನಗುತ್ತ ಮನೆಗೆ ಬಂದರು.

ಮರುದಿನ ಮಧ್ಯಾಹ್ನ ಮಗನನ್ನು ಪಡಸಾಲೆಯಲ್ಲಿ ಆಡಲು ಬಿಟ್ಟು ಸರಿತಾ ಮೈದುನನ ಮೊಬೈಲಿನಲ್ಲಿ ಆ ವಿಡಿಯೋ ನೋಡಿದಳು. ಮೊದಲ ಸಲ ನಕ್ಕಳು. ಎರಡನೆಯ ಸಲ ನಗು ಅಲ್ಲಿಗೇ ನಿಂತಿತು.

ಕಂಬಳಿಯ ಮೇಲೆ ಕೂತ ಮಗುವಿನ ಬೆನ್ನ ಹಿಂದೆಯೇ ಜ್ಞಾನದೇವ ಕೂಗಿದ್ದ. ಎತ್ತು ಬೆದರಿ ತಲೆ ಕೊಡವಿತು. ಹಕ್ಕಿಗಳು ಭರ್ರೆಂದು ಎದ್ದವು. ಬಡಿಸುತ್ತಿದ್ದ ಅತ್ತೆಯ ಕೈ ಕೂಡ ಅಲುಗಿತು. ವಿಶ್ವಾಸ ಮಾತ್ರ ಶೇಂಗಾ ಸಿಪ್ಪೆ ಆರಿಸುತ್ತಲೇ ಇದ್ದ. ಆಮೇಲೆ ಅವಳದೇ ದನಿ: “ವಿಶ್ವಾಸ! ಬಾಳ್ಯಾ! ಇಲ್ಲಿ ನೋಡು!” ಮಗನನ್ನು ಮುದ್ದಿನಿಂದ ನಾಲ್ಕು ಸಲ ಕರೆದಿದ್ದಳು. ಸಮಾಧಾನ ಕಣ್ಣೆದುರು ಕೈ ಬೀಸಿದ ಮೇಲಷ್ಟೇ ಮಗು ತಲೆ ಎತ್ತಿ ನಕ್ಕಿತ್ತು. ಅವಳ ನೆನಪಿನಲ್ಲಿ ಉಳಿದಿದ್ದು ಆ ನಗು ಒಂದೇ.

ಸರಿತಾ ಎದ್ದು ಸ್ಟೀಲಿನ ತಂಬಿಗೆ ತಂದು, ಮಗನ ಬೆನ್ನ ಹಿಂದೆ ಫರಸಿ ನೆಲದ ಮೇಲೆ ಸದ್ದಾಗುವಂತೆ ಬೀಳಿಸಿದಳು.

“ಏನ್ ಬೇ ಅದು? ಮನಿ ಕೆಡವಾಕತ್ತೀ ಏನ?” ಅಡುಗೆಮನೆಯಿಂದ ಚನ್ನವ್ವ ಚೀರಿ ಓಡಿಬಂದಳು.

ಮಗು ಚೆಂಡು ಉರುಳಿಸುತ್ತಿತ್ತು.

“ಅತ್ತೀ, ಇವಂಗ ಕೇಳ್ಸೂದಿಲ್ರಿ.”

“ಹುಚ್ಚಿ! ಆಟದಾಗ ಮೈ ಮರತೈತಿ, ಕೂಸು.”

ಸರಿತಾ ವಾದಿಸದೆ ವಿಡಿಯೋ ತೋರಿಸಿದಳು. ಚನ್ನವ್ವ ಪೂರ್ತಿ ನೋಡಿದಳು. ಮೊಮ್ಮಗನ ಹಿಂದೆ ನಿಂತು ಮೆಲ್ಲಗೆ ಕರೆದಳು. ಆಮೇಲೆ ಆಚೆ ಹೊಲದ ಆಳನ್ನು ಕೂಗುವ ದನಿಯಲ್ಲಿ ಕರೆದಳು. ಇಲ್ಲ. ಒಂದು ಹೆಜ್ಜೆ ಮುಂದಿಟ್ಟಾಗ ಅವಳ ನೆರಳು ಮಗುವಿನ ಕೈಮೇಲೆ ಬಿತ್ತು. ಮಗು ಥಟ್ಟನೆ ತಿರುಗಿ, ನಕ್ಕು, ಎರಡೂ ಕೈ ಚಾಚಿತು.

“ಯವ್ವಾ… ನೆರಳ ನೋಡಿ ತಿರಗತೈತಿ,” ಎಂದ ಚನ್ನವ್ವ ಮೊಮ್ಮಗನನ್ನು ಎತ್ತಿಕೊಂಡಳು. “ಇಷ್ಟ ದಿನ ನಾ ಕರದ್ರ ಬರ್ತಾನ ಅಂತ ತಿಳಿದಿದ್ನಲ್ಲಾ!”

“ನಾಳೆ ಮಿರಜಿಗೆ ಡಾಕ್ಟರ್ ಕಡೆ ಕರಕೊಂಡ ಹೋಗ್ತೀನ್ರಿ.”

“ನಾಳೆ ಯಾಕ? ಮೂರರ ಬಸ್ಸು ಐತಿ. ಜ್ಞಾನದೇವಗ ಫೋನ್ ಹಚ್ಚು.”

ಸರಿತಾ ಬಾಟಲಿಗೆ ಹಾಲು ತುಂಬಿ, ಎರಡು ಜೊತೆ ಬಟ್ಟೆ ಚೀಲಕ್ಕೆ ಹಾಕಿದಳು. ಉಣ್ಣೆಯ ಟೊಪ್ಪಿಗೆ ತೊಡಿಸುವಾಗ ಕಿವಿಗಳ ಹತ್ತಿರ ಅವಳ ಕೈ ಒಂದು ಗಳಿಗೆ ನಿಂತಿತು. ಹೊರಗೆ ಚಳಿಗಾಳಿ ಇತ್ತು. ಕಿವಿ ಮುಚ್ಚುವಂತೆ ಎಳೆದು, ಗದ್ದದ ಕೆಳಗೆ ಲಾಡಿ ಕಟ್ಟಿದಳು.