ಸ್ಕಾಟ್‌ಲ್ಯಾಂಡಿನಲ್ಲಿ ನಮ್ಮ ಆರಡಿ ಜಮೀನು

ಸ್ಕಾಟ್‌ಲ್ಯಾಂಡಿನಲ್ಲಿ ನಮಗೆ ಜಮೀನಿದೆ ಎಂದು ಕ್ಲಾಸಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ಸುಳ್ಳೇನಲ್ಲ. ಆರಡಿ ಉದ್ದ, ಮೂರಡಿ ಅಗಲ, ಒಳಗೆ ನಮ್ಮ ಮುತ್ತಜ್ಜ. ಅಳತೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ವಾರ ಕಳೆಯುವುದರೊಳಗೆ ಆ ಜಮೀನಿಗೆ ಒಂದು ಕೋಟೆ, ನಾನೂರು ಕುರಿ ಮತ್ತು ಬ್ಯಾಗ್‌ಪೈಪ್ ಊದುವ ಒಬ್ಬ ವಾಚ್‌ಮನ್ ಬಂದು ಸೇರಿದ್ದರು.

ನಿಜ ಇಷ್ಟೇ. ಅಜ್ಜಿಯ ಅಪ್ಪ ಉಣ್ಣೆಗೆ ಬಣ್ಣ ಹಾಕುವುದನ್ನು ಕಲಿಯಲು ಧಾರವಾಡದಿಂದ ಹೊರಟು, ಹಡಗು ಹತ್ತಿ, ಟ್ವೀಡ್ ನದಿಯ ದಂಡೆಯ ಒಂದು ಗಿರಣಿ ಊರಿಗೆ ಹೋಗಿದ್ದ. ಎರಡನೇ ಚಳಿಗಾಲ ಬರುವ ಮೊದಲೇ ನ್ಯುಮೋನಿಯಾ ಆಗಿ ತೀರಿಕೊಂಡ. ಅಲ್ಲೇ ಮಣ್ಣು ಮಾಡಿದರು. ಅಜ್ಜಿಗೆ ಆಗ ಐದು ವರ್ಷ. ಇವತ್ತಿನವರೆಗೆ ನಮ್ಮ ಮನೆಯವರು ಒಬ್ಬರೂ ಆ ಜಾಗ ನೋಡಿಲ್ಲ.

ಈ ವರ್ಷ ಅಜ್ಜಿ ಹಟ ಹಿಡಿದಳು. ಅಪ್ಪ ಹೋದ ದಿನ, ಅಪ್ಪನ ಮುಂದೆ ನಿಲ್ಲಬೇಕು. ಹೃದಯದ ಡಾಕ್ಟರು, ಇಷ್ಟು ದೂರದ ಪ್ರಯಾಣ ಇದೊಂದು ಸಲ, ಆಮೇಲೆ ಕೇಳಲೇಬೇಡಿ ಎಂದು ಹೇಳಿ ಕಳಿಸಿದ್ದರು. ಅಜ್ಜಿಗೆ ಅಣ್ಣತಮ್ಮಂದಿರಿಲ್ಲ, ಶ್ರಾದ್ಧ ಮಾಡುವವನು ಮೆಲ್ಬರ್ನಿನಲ್ಲಿರುವ ನನ್ನ ಮಾಮಾ. ಹೋಗುವವರು ಅಜ್ಜಿ, ಮಾಮಾ, ಮತ್ತು ಪ್ಲಾನಿಂಗ್ ಮಿನಿಸ್ಟರ್ ಆದ ನಾನು.

ದಿ ಪಾಂಡ್ಸ್ ಬಡಾವಣೆಯ ನಮ್ಮ ಮನೆಯ ಡೈನಿಂಗ್ ಟೇಬಲ್ಲಿನ ಮುಂದೆ ಕೂತು ನಾನು ತಯಾರಿಸಿದ ಸ್ಪ್ರೆಡ್‌ಶೀಟ್‌ಗೆ ಹದಿನಾಲ್ಕು ಟ್ಯಾಬ್ ಇದ್ದವು. ಒಂದು ಟ್ಯಾಬ್ ಪೂರ್ತಿ ಶೌಚಾಲಯಗಳದ್ದು; ಎಡಿನ್‌ಬರೊದಿಂದ ಆ ಊರಿನವರೆಗೆ ಅಜ್ಜಿಗೆ ಎಲ್ಲೆಲ್ಲಿ ಬಸ್ ಇಳಿಯಬೇಕಾದೀತು ಎಂಬ ಲೆಕ್ಕ. ಇನ್ನೊಂದರಲ್ಲಿ ಬೆಳ್ಳುಳ್ಳಿ ಇಲ್ಲದ ಊಟ ಎಲ್ಲಿ ಸಿಗುತ್ತದೆ ಎಂಬುದು. ಅದು ಖಾಲಿ ಇತ್ತು. ಶ್ರಾದ್ಧದ ತಿಥಿ ಭಾದ್ರಪದ ಬಹುಳ ಪಂಚಮಿ. ಅದು ಈ ಸಲ ನಮ್ಮ ಸ್ಕೂಲ್ ರಜೆಯ ನಟ್ಟನಡುವೆ ಬಿದ್ದಿತ್ತು.

“ಮುತ್ತಜ್ಜ ನನ್ನ ಟರ್ಮ್ ಕ್ಯಾಲೆಂಡರ್ ನೋಡಿಕೊಂಡೇ ಹೋಗ್ಯಾನ” ಅಂದೆ. ಅಮ್ಮ ಲಟ್ಟಣಿಗೆ ಎತ್ತಿ ತೋರಿಸಿದಳು.

ಜೂನ್ ತಿಂಗಳ ಲಾಂಗ್ ವೀಕೆಂಡಿಗೆ ಎಲ್ಲರೂ ಮಾಮಾನ ಮನೆಗೆ ಹೋಗಿ, ಕೂತು ಟಿಕೆಟ್ ಬುಕ್ ಮಾಡುವುದೆಂದು ನಿಶ್ಚಯವಾಗಿತ್ತು. ಅದಕ್ಕೆ ಎರಡು ದಿನ ಮೊದಲು ಆ ಊರಿನ ಸ್ಮಶಾನದ ಕಚೇರಿಯಿಂದ ನನಗೊಂದು ಮೇಲ್ ಬಂತು. ಸಮಾಧಿ ಯಾವ ಸಾಲಿನಲ್ಲಿದೆ ಎಂದು ನಾನೇ ಕೇಳಿದ್ದೆ. ಪುಣ್ಯಾತ್ಮರು ಹಳೆಯ ರಿಜಿಸ್ಟರಿನ ಪುಟವನ್ನೇ ಸ್ಕ್ಯಾನ್ ಮಾಡಿ ಕಳಿಸಿದ್ದರು. ಹೆಸರು, ವಯಸ್ಸು, ಸಾಲು, ನಂಬರು. ಕೊನೆಗೆ, ತೀರಿಕೊಂಡ ತಾರೀಖು.

ತಾರೀಖನ್ನು ಫೋನಿನ ಪಂಚಾಂಗಕ್ಕೆ ಹಾಕಿದೆ. ಭಾದ್ರಪದ ಶುದ್ಧ ತದಿಗೆ ಎಂದಿತು. ಮೂರು ಸಲ ಹಾಕಿದೆ, ಮೂರು ಸಲವೂ ತದಿಗೆ. ಪಂಚಮಿಗಿಂತ ಹದಿನೇಳು ದಿನ ಮೊದಲು, ಗೌರಿ ಹಬ್ಬದ ದಿನ.

ಮೊದಲು ನಗು ಬಂತು, ಆಮೇಲೆ ವಿಷಯ ಅರ್ಥವಾಯಿತು. ನಮ್ಮ ಕಡೆ ಒಂದು ರೂಢಿಯಿದೆ. ದೂರದಲ್ಲಿ ಸತ್ತವರ ದಿನ ಗೊತ್ತಾಗದಿದ್ದರೆ ಸುದ್ದಿ ಮುಟ್ಟಿದ ದಿನವೇ ಶ್ರಾದ್ಧ. ಧಾರವಾಡಕ್ಕೆ ಕಾಗದ ಮುಟ್ಟಿದ್ದು ಪಂಚಮಿಗೆ ಇರಬೇಕು. ವರ್ಷಗಳು ಕಳೆದಂತೆ ರೂಢಿ ಮರೆತುಹೋಗಿ, ಅದೇ ಅವನು ಹೋದ ದಿನ ಎಂದಾಗಿತ್ತು. ಅಜ್ಜಿಯೂ ಹಾಗೇ ನಂಬಿದ್ದಳು.

ಈ ಸಲದ ತದಿಗೆ ಎಲ್ಲಿ ಬೀಳುತ್ತದೆಂದು ನೋಡಿದೆ. ನನ್ನ ಇಯರ್ ಇಲೆವೆನ್ ಪರೀಕ್ಷೆಯ ಎರಡನೇ ವಾರ. ತಾರೀಖು ಬದಲಾದರೆ ಪ್ಲಾನಿಂಗ್ ಮಿನಿಸ್ಟರ್ ಮನೆಯಲ್ಲೇ ಉಳಿಯಬೇಕು. ಹಾಗಾಗಿ ನಾನು ಮಾಡಬಾರದ್ದನ್ನು ಮಾಡಿದೆ. ಮೇಲ್ ಮುಚ್ಚಿಟ್ಟು, ಸಾಲು ಮತ್ತು ನಂಬರನ್ನು ಮಾತ್ರ ಶೀಟಿಗೆ ಹಾಕಿ, ಮಾಮಾನ ಊರಿಗೆ ಹೊರಟ ವಿಮಾನದಲ್ಲಿ ಇಡೀ ದಾರಿ ವಿಪರೀತ ಜೋಕ್ ಹೊಡೆದೆ.

“ಏನಾಗ್ಯದ ನಿನಗ? ಕಾಲು ಸುಟ್ಟ ಬೆಕ್ಕಿನಂಗ ಮಾಡ್ಲಿಕ್ಕತ್ತೀ” ಅಂದಳು ಅಮ್ಮ.

ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನ ಮಾಮಾನ ಫ್ಲ್ಯಾಟಿನಲ್ಲಿ ಮರುದಿನ ಮಧ್ಯಾಹ್ನ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದರು. ಕೆಳಗೆ ಟ್ರಾಮ್ ಗಂಟೆ ಹೊಡೆದಾಗೆಲ್ಲ ನಾನು ಬಾಗಿಲ ಕಡೆ ನೋಡುತ್ತಿದ್ದೆ. ಮಾಮಾ ಒಬ್ಬೊಬ್ಬರ ಪಾಸ್‌ಪೋರ್ಟ್ ನಂಬರ್ ಟೈಪ್ ಮಾಡುತ್ತಿದ್ದ.

“ಈ ಟಿಕೆಟ್ಟಿಗೆ ಚೇಂಜೂ ಇಲ್ಲ, ರಿಫಂಡೂ ಇಲ್ಲ. ಡೇಟ್ ಪಕ್ಕಾ ಅದನಲ್ಲೋ, ಮಿನಿಸ್ಟರ್?”

“ಪಕ್ಕಾ” ಅಂದೆ.

ಅಜ್ಜಿ ಸೋಫಾದ ಮೇಲೆ ನನ್ನ ಪಕ್ಕವೇ ಕೂತಿದ್ದಳು. ತುಟಿ ಅಲ್ಲಾಡುತ್ತಿತ್ತು. ಜಪ ಇರಬೇಕು ಎಂದುಕೊಂಡೆ. ಕಿವಿಗೊಟ್ಟರೆ ಜಪವಲ್ಲ, ಸಮಾಧಿಯ ಮುಂದೆ ಹೇಳಬೇಕಾದ ಮಾತಿನ ಅಭ್ಯಾಸ.

“ಅಪ್ಪಾ, ಇವತ್ತಿನ ದಿನ ನೀ ಹೋದಿ. ಅದ ದಿನಾ ನೋಡಿ ನಾ ಬಂದೀನಿ.” ಒಂದು ಸಲ ಅಂದಳು. ಸರಿ ಬರಲಿಲ್ಲವೆಂಬಂತೆ ಇನ್ನೊಂದು ಸಲ ಅಂದಳು.

ಮಾಮಾ ಕಾರ್ಡು ಹೊರಗೆ ತೆಗೆದ.

“ಮಾಮಾ, ತಡಿ” ಅಂದೆ. “ಆ ದಿನ ಅಲ್ಲ.”

ಫೋನ್ ತೆಗೆದು ರಿಜಿಸ್ಟರಿನ ಪುಟ ತೋರಿಸಿದೆ. ಮಾಮಾ ಓದಿದ, ಅಮ್ಮ ಓದಿದಳು.

“ಇದು ಯಾವಾಗ ಬಂತು?” ಅಮ್ಮ ಕೇಳಿದಳು.

“ಗುರುವಾರ.”

“ಗುರುವಾರದಿಂದ ಬಾಯಾಗ ಏನ್ ಇಟ್ಕೊಂಡಿದ್ದಿ, ಕಡುಬಾ?”

ಅಜ್ಜಿ ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳ ಮೇಲೆ ಎಣಿಸತೊಡಗಿದಳು. ತದಿಗಿ, ಚೌತಿ, ಪಂಚಮಿ, ಷಷ್ಠಿ. ಹದಿನೇಳು ಮುಗಿಯುವವರೆಗೆ ಎಣಿಸಿದಳು.

“ಆ ಗೌರಿ ಹಬ್ಬಕ್ಕ ನಮ್ಮವ್ವ ಹಸರು ಬಳಿ ಇಡಿಸಿಕೊಂಡಿದ್ಲು” ಅಂದಳು. “ಕೈತುಂಬ. ನನಗೂ ಇಡಿಸಿದ್ಲು.”

ಮಾಮಾ ಮೆಲ್ಲಗೆ, “ಅವ್ವಾ, ಇದರಾಗ ತಪ್ಪೇನಿಲ್ಲ. ದಿನ ಗೊತ್ತಿರಲಿಲ್ಲಂದ್ರ ಸುದ್ದಿ ಮುಟ್ಟಿದ ದಿನಾನ ಅಂತ ಶಾಸ್ತ್ರಾನ ಅದ” ಅಂದ.

“ಗೊತ್ತಿರಲಿಲ್ಲ, ಮಾಡಿದ್ವಿ. ಈಗ ಗೊತ್ತಾತಲ್ಲ.”

“ತದಿಗಿಗೆ ಹೋದ್ರ ಇವನ ಎಕ್ಸಾಮ್ ಬರ್ತದ” ಎಂದು ಅಮ್ಮ ಹೇಳಿದ ಮೇಲೆ ಅಜ್ಜಿ ನನ್ನ ಕಡೆ ತಿರುಗಿದಳು. ಈಗ ಬೈಗುಳ ಬೀಳುತ್ತದೆ ಎಂದು ತಲೆ ತಗ್ಗಿಸಿದೆ. ಬೈದಿದ್ದರೆ ಚೆನ್ನಾಗಿತ್ತು.

“ನೀ ಇಲ್ಲದ ನಾ ಹೆಂಗ ಹೋಗ್ಲೋ? ದಾರಿ ಗೊತ್ತಿದ್ದಾಂವ ನೀ ಒಬ್ಬನ” ಅಂದಳು. “ನೀ ಹೇಳು. ಪಂಚಮಿನ ಇರ್ಲಿ ಅಂದ್ರ ಇರ್ಲಿ. ಇಷ್ಟು ವರ್ಷ ನಡದದ, ಇನ್ನೊಂದು ಸಲ ನಡೀತದ.”

ಅವಳು ನನ್ನನ್ನು ಪರೀಕ್ಷಿಸುತ್ತಿರಲಿಲ್ಲ. ಅದೇ ಕಷ್ಟವಾಗಿತ್ತು. ನಾನು ಹ್ಞೂಂ ಅಂದಿದ್ದರೆ ನಿಜವಾಗಿಯೂ ಪಂಚಮಿಗೇ ಹೊರಡುತ್ತಿದ್ದಳು, ಅಲ್ಲಿ ನಿಂತು ತನ್ನ ಮಾತನ್ನು ಬದಲಿಸಿಕೊಳ್ಳುತ್ತಿದ್ದಳು, ಮತ್ತು ಒಂದು ದಿನವೂ ಎತ್ತಿ ಆಡುತ್ತಿರಲಿಲ್ಲ. ಜೋಕೊಂದು ಬಾಯಿಗೆ ಬಂತು. ನುಂಗಿದೆ. ನನಗೆ ತಿಳಿದಮಟ್ಟಿಗೆ ನಾನು ನುಂಗಿದ ಮೊದಲ ಜೋಕು ಅದು.

“ತದಿಗಿಗೆ ಹೋಗ್ರಿ” ಅಂದೆ.

ಮಾಮಾನ ಕೈಯಿಂದ ಲ್ಯಾಪ್‌ಟಾಪ್ ತೆಗೆದುಕೊಂಡು ತಾರೀಖು ನಾನೇ ತಿದ್ದಿದೆ. ಪ್ರಯಾಣಿಕರು ಮೂರು ಎಂದಿದ್ದನ್ನು ಎರಡು ಮಾಡಿದೆ. ಮಾಮಾ ನನ್ನ ಬೆನ್ನ ಮೇಲೆ ಕೈಯಿಟ್ಟು, ಆಮೇಲೆ ಕಾರ್ಡ್ ನಂಬರ್ ಒತ್ತಿದ. ಬುಕ್ ಆಯಿತೆಂದು ಸ್ಕ್ರೀನ್ ಹಸಿರಾಯಿತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಅಜ್ಜಿ ನನ್ನ ತೋಳು ಜಗ್ಗಿದಳು.

“ಹೇಳು ಈಗ. ಬಸ್ಸಿಳಿದ ಮ್ಯಾಲೆ ಎಡಕ್ಕೋ, ಬಲಕ್ಕೋ?”

“ಎಡಕ್ಕ, ಅಜ್ಜಿ. ಸೇತುವೆ ಬರ್ತದ. ದಾಟಿದ ಮ್ಯಾಲೆ ಏರು.”

“ಎಡಕ್ಕ, ಸೇತುವೆ, ಏರು” ಎಂದು ಬಾಯಿಪಾಠ ಮಾಡಿದಳು. “ಆಮ್ಯಾಲೆ?”

“ನಾ ಇರ್ತೀನಲ್ಲ ಅವ್ವಾ, ಜೊತಿಗೆ!” ಅಂದ ಮಾಮಾ.

“ನೀ ಫೋನಿನ್ಯಾಗ ಇರ್ತಿ” ಅಂದಳು ಅಜ್ಜಿ, ಅವನತ್ತ ನೋಡದೆ. “ಆಮ್ಯಾಲೆ ಹೇಳೋ.”