ಜೇನು ಒಪ್ಪಿದ ಬುಶ್

ಸಿದ್ದಾಪುರದಲ್ಲಿ ನನ್ನದು ಪಂಪ್‌ಸೆಟ್ ರಿಪೇರಿ ಅಂಗಡಿ ಇತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ನಟ್ಟು ಬಿಗಿಯುವ ಪಾನಾ ಹಿಡಿದವನು ಮುದುಕನಾಗುವವರೆಗೂ ಅದನ್ನು ಕೆಳಗಿಡಲಿಲ್ಲ. ಆದರೂ ನನ್ನ ಕೈಯಿಂದ ಆದ ದೊಡ್ಡ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ಪಂಪಿನ ಮಾತು ಬರುವುದಿಲ್ಲ. ಒಂದು ಹಳೆಯ ಅಂಬಾಸಿಡರ್ ಕಾರಿನ ಮುಂಭಾಗವನ್ನು ಪೂರ್ತಿ ಬಿಚ್ಚಿ ಕಟ್ಟಿದ್ದು, ಅದಕ್ಕೆ ಸರಿಯಾದ ಬುಶ್ ಆರಿಸಿದ್ದು, ಅದೇ ನನ್ನ ಹೆಮ್ಮೆ. ಆ ಹೆಮ್ಮೆಯ ಅಡಿಯಲ್ಲಿ ಒಂದು ಸುಳ್ಳು ಕೂತಿದೆ. ನನ್ನನ್ನು ಎತ್ತಿ ಆಡಿಸಿದ ಅಕ್ಕನ ಮೇಲೆ ಹೊರಿಸಿದ ಸುಳ್ಳು. ಒಂದನ್ನು ಹೇಳಿ ಇನ್ನೊಂದನ್ನು ಬಿಡಲು ಈಗ ಮನಸ್ಸಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ದೊಡ್ಮನೆ ಊರಿನ ಒಂದು ಮನೆಗೆ ಪಂಪು ನೋಡಲು ಹೋದವನು ಆ ಮನೆಯ ಗಾಡಿ ಕೊಟ್ಟಿಗೆಯಲ್ಲಿ ಕಾರು ಕಂಡೆ. ಹಿಂದಿನ ಸೀಟಿನ ಮೇಲೆ ಬೆಕ್ಕು ಮರಿ ಹಾಕಿತ್ತು. ಮನೆಯವರು, ‘ತಗಂಡು ಹೋಗು ಮಾರಾಯಾ, ಕೊಟ್ಟಿಗೆ ಆದ್ರೂ ಖಾಲಿ ಆಗ್ತು’ ಎಂದರು. ಎಂಜಿನ್ ಬೇಗ ಎದ್ದಿತು. ಕಷ್ಟವಿದ್ದದ್ದು ಮುಂದಿನ ಚಕ್ರಗಳಲ್ಲಿ. ಸ್ಟೇರಿಂಗ್ ತಿರುಗಿಸಿದರೆ ಕಾರು ಸ್ವಲ್ಪ ಹೊತ್ತು ಯೋಚನೆ ಮಾಡಿ ಆಮೇಲೆ ತಿರುಗುತ್ತಿತ್ತು. ಹೊಂಡ ಸಿಕ್ಕಿದಲ್ಲೆಲ್ಲ ಕಟಕ್ ಎನ್ನುತ್ತಿತ್ತು.

ಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳು ಕಾರಿನ ಮೈಗೆ ಸೇರುವ ಕಡೆ ಒಂದು ಬಳೆ ಕೂತಿರುತ್ತದೆ. ಅದೇ ಬುಶ್. ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ, ತೋಳು ಮೇಲೆ ಕೆಳಗೆ ಆಡುವಂತೆ ನೋಡಿಕೊಳ್ಳುವುದು ಅದರ ಕೆಲಸ. ನನ್ನ ಕಾರಿನ ಬುಶ್‌ಗಳು ಸವೆದು ಹಳೆಯ ಚಪ್ಪಲಿಯ ಅಟ್ಟೆಯಂತಾಗಿದ್ದವು. ಹೊಸತು ಹುಡುಕಿಕೊಂಡು ಸಿರ್ಸಿಯ ಒಬ್ಬ ಗೆಳೆಯನ ಗ್ಯಾರೇಜಿಗೆ ಹೋದೆ. ಬನವಾಸಿ ಕಡೆಯವನು, ಬಾಯಿ ಜೋರು. ಎರಡು ಬಗೆಯ ಬುಶ್ ತಂದು ಬಾನೆಟ್ಟಿನ ಮೇಲೆ ಇಟ್ಟ.

‘ಇದು ರಬ್ಬರ್, ಇದು ಲೇತ್‌ನ್ಯಾಗ ಕಡಿಸಿದ್ ನೈಲಾನ್. ಯಾವ್ದ್ ಬೇಕ್ ಹೇಳ್ರಿ. ರಬ್ಬರ್ ಹಾಕಿದ್ರ ಹಾಸ್ಗಿ ಮ್ಯಾಲ ಕುಂತಂಗ. ನೈಲಾನ್ ಹಾಕಿದ್ರ ಕುದ್ರಿ ಮ್ಯಾಲ ಕುಂತಂಗ.’

ನಾನು ಹೆಬ್ಬೆರಳಿನಿಂದ ಎರಡನ್ನೂ ಒತ್ತಿ ನೋಡಿದೆ. ರಬ್ಬರ್ ತಗ್ಗಿತು, ನೈಲಾನ್ ಜಗ್ಗಲಿಲ್ಲ. ಪಂಪು ರಿಪೇರಿ ಮಾಡುವವನಿಗೆ ಅಲುಗಾಟ ಎಂದರೆ ರೋಗ. ಶಾಫ್ಟು ಕೂದಲೆಳೆಯಷ್ಟು ಅಲುಗಿದರೂ ನಾವು ಬಿಚ್ಚುತ್ತೇವೆ. ಅದೇ ಲೆಕ್ಕ ಕಾರಿಗೂ ಹಾಕಿ ನೈಲಾನ್ ತೆಗೆದುಕೊಂಡೆ.

ಅಂಗಡಿಯ ಹಿಂದೆ ಕಲ್ಲಿನ ಮೇಲೆ ಕಾರು ನಿಲ್ಲಿಸಿ, ಒಬ್ಬನೇ ಮಲಗಿ, ತೋಳುಗಳನ್ನು ಬಿಚ್ಚಿ, ಉಜ್ಜಿ, ಬಣ್ಣ ಬಳಿದು, ಮತ್ತೆ ಏರಿಸಿದೆ. ಮೊದಲ ದಿನ ಓಡಿಸಿದಾಗ ನನ್ನ ಎದೆ ಎಷ್ಟು ಉಬ್ಬಿತ್ತೋ! ಕಿರುಬೆರಳು ಆಡಿಸಿದರೆ ಕಾರು ತಿರುಗುತ್ತಿತ್ತು. ಸ್ಟೇರಿಂಗಿನಲ್ಲಿ ಒಂದು ಸಣ್ಣ ಗುಂಯ್ ಎನ್ನುವ ನಡುಕ ಸದಾ ಇತ್ತು, ಕಾಲು ಜೋಮು ಹಿಡಿಯುತ್ತಿತ್ತು. ಗಟ್ಟಿ ಕಾರಿನ ಲಕ್ಷಣವೇ ಅದು ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಅಕ್ಕ ಜೇನು ಸಾಕುತ್ತಿದ್ದಳು, ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು. ಭಾವ ತೀರಿಕೊಂಡ ಮೇಲೆ ಅವಳು ತಾನಾಗಿ ಕಲಿತ ವಿದ್ಯೆ ಅದು. ಕಾಡಿನ ಪೊಟರೆಯಿಂದ ಜೇನಿನ ಎರಿ ಬಿಡಿಸಿ ತಂದು, ಚೌಕಟ್ಟಿಗೆ ಬಾಳೆನಾರಿನಲ್ಲಿ ಕಟ್ಟಿ ಕೂರಿಸುವುದರಲ್ಲಿ ಅವಳ ಕೈ ಹೆಸರುವಾಸಿ. ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಹೂವು ಹುಡುಕಿಕೊಂಡು ಪೆಟ್ಟಿಗೆಗಳನ್ನು ಯಲ್ಲಾಪುರದ ಚಂದಗುಳಿ ಹತ್ತಿರ ಪರಿಚಯದವರ ಬೇಣಕ್ಕೆ, ಅವರ ಹುಲ್ಲುಗಾವಲಿಗೆ, ಸಾಗಿಸುತ್ತಿದ್ದಳು. ಬಾಡಿಗೆ ಟೆಂಪೋದ ಹಿಂದೆ ತಾನೇ ಪೆಟ್ಟಿಗೆ ಹಿಡಿದು ಕೂತು ಹೋಗುವಳು. ಒಂದು ಎರಿಯೂ ದಾರಿಯಲ್ಲಿ ಕಳಚಿದ್ದಿಲ್ಲ.

‘ಈ ಸಲ ಟೆಂಪೋ ಬ್ಯಾಡ ಅಕ್ಕಾ, ಎನ್ನ ಕಾರಲ್ಲಿ ಹೋಪನ,’ ಎಂದೆ. ‘ಮದುಮಗಳ ಕರ್ಕಂಡು ಹೋದಂಗೆ ಕರ್ಕಂಡು ಹೋಗ್ತೆ.’

‘ಮದುಮಗಳು ಚುಚ್ಚದಿಲ್ಲೆ, ತಮಾ. ಇವು ಚುಚ್ತ,’ ಎಂದಳು ಅಕ್ಕ. ಆದರೆ ತಮ್ಮನ ಕಾರು ಎಂದು ಅವಳಿಗೂ ಖುಷಿ. ಹುಳ ಹೊರಬರದಂತೆ ಬಾಗಿಲಿಗೆ ತಂತಿ ಜಾಲಿ ಬಡಿದ ಮೂರು ಪೆಟ್ಟಿಗೆಗಳನ್ನು ಹಿಂದಿನ ಸೀಟಿಗೆ ಬಿಗಿದು, ನನ್ನ ಪಕ್ಕ ಕೂತಳು. ಬೆಳಕು ಹರಿಯುವ ಮೊದಲೇ ಹೊರಟೆವು. ಸಿರ್ಸಿ ದಾಟಿದ ಮೇಲೆ ಅವಳು ಒಂದೆರಡು ಸಲ ಹಿಂದೆ ತಿರುಗಿ, ‘ಎಂತೋ ಗಲಾಟೆ ಮಾಡ್ತಾ ಇದ್ದಲೋ’ ಎಂದಳು. ನಾನು ತಿರುವಿನಲ್ಲಿ ಕಾರು ಹೇಗೆ ಕಚ್ಚಿ ನಿಲ್ಲುತ್ತದೆ ಎಂದು ತೋರಿಸುವುದರಲ್ಲಿದ್ದೆ.

ಚಂದಗುಳಿಯಲ್ಲಿ ಇಳಿದು ಮುಚ್ಚಳ ತೆಗೆದಾಗ ಎರಡು ಪೆಟ್ಟಿಗೆಗಳಲ್ಲಿ ಎರಿಗಳು ಕಳಚಿ ಒಂದರ ಮೇಲೊಂದು ಬಿದ್ದಿದ್ದವು. ಜೇನುತುಪ್ಪ ಸೋರಿ ತಳದಲ್ಲಿ ನಿಂತು, ಅದರಲ್ಲಿ ಹುಳಗಳು ಮುಳುಗಿದ್ದವು. ಅಕ್ಕ ಬೆರಳಿನಿಂದ ಒಂದೊಂದನ್ನೇ ಎತ್ತಿ ಬಾಳೆಲೆಯ ಮೇಲೆ ಬಿಡತೊಡಗಿದಳು. ಎರಡೂ ಪೆಟ್ಟಿಗೆಯ ರಾಣಿಗಳು ಬದುಕಿರಲಿಲ್ಲ.

ಬೇಣದ ಮನೆಯವರು ಸುತ್ತ ನಿಂತಿದ್ದರು. ಒಬ್ಬರು ನನ್ನ ಕಾರಿನ ಕಡೆ ನೋಡಿದರು. ಆ ನೋಟ ಒಂದು ಸಾಕಾಯಿತು ನನಗೆ.

‘ನಾರು ಸಡಿಲ ಕಟ್ಟಿದ್ದೆ ನೀನು,’ ಎಂದೆ. ‘ವಯಸ್ಸಾತು ಅಕ್ಕಾ, ಕೈ ಬಿಗಿ ಇಲ್ಲೆ ನಿಂಗೆ.’

ಅವಳು ಅಂಟು ಹಿಡಿದ ತನ್ನ ಬೆರಳುಗಳನ್ನು ನೋಡಿಕೊಂಡಳು. ‘ಹಂಗೇ ಆಗಿಕ್ಕು,’ ಎಂದಳು.

ಮರಳಿ ಬರುವಾಗ ಅಂಗೈಯಲ್ಲಿ ಅದೇ ಗುಂಯ್ ನಡುಕ. ಆಗಲೇ ನನಗೆ ಗೊತ್ತಾಯಿತು. ಹೊಂಡದ ಹೊಡೆತವನ್ನು ಎರಿ ತಡೆಯುತ್ತದೆ. ಬಿಡದೆ ನಡುಗಿಸಿದರೆ ಮೇಣ ಎಲ್ಲಿಯವರೆಗೆ ಹಿಡಿದೀತು? ಗೊತ್ತಾದರೂ ಬಾಯಿ ಬಿಡಲಿಲ್ಲ. ಒಂದು ವರ್ಷ ಅದೇ ಕಾರಿನಲ್ಲಿ ಮೆರೆದೆ.

ಮರುವರ್ಷ ಮಳೆಗಾಲ ಮುಗಿದ ಮೇಲೆ ಅಕ್ಕ ಅಂಗಡಿಗೆ ಬಂದಳು. ನಾನೊಂದು ಪಂಪು ಬಿಚ್ಚಿ ಹರವಿಕೊಂಡಿದ್ದೆ.

‘ಪೆಟ್ಟಿಗೆ ಎಲ್ಲಾ ವಾನಳ್ಳಿಯಲ್ಲಿ ಜೇನು ಸಾಕುವವ್ಕೆ ಕೊಟ್ಬಿಡ್ತೆ, ತಮಾ. ಬಪ್ಪ ವಾರ ಬಂದು ತಗಂಡು ಹೋಗ್ತ.’

‘ಎಂತಕ್ಕೆ?’

‘ಕಟ್ಟಿದ ನಾರನ್ನೇ ಬಿಚ್ಚಿ ಬಿಚ್ಚಿ ಕಟ್ತೆ. ಬಿಗಿ ಆತು ಹೇಳಿ ನಂಬಿಕೆನೇ ಬತ್ತಿಲ್ಲೆ. ಎನ್ನ ಕೈಯ್ಯಲ್ಲಿ ಇನ್ನು ಆಗ್ತಿಲ್ಲೆ.’

ಕೈಯಲ್ಲಿದ್ದ ಪಾನಾ ಕೆಳಗಿಟ್ಟೆ. ‘ನಾರು ಸಡಿಲ ಇತ್ತಿಲ್ಲೆ ಅಕ್ಕಾ. ಎನ್ನ ಬುಶ್ ಗಟ್ಟಿ ಆಗಿತ್ತು,’ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಒಂದು ರಬ್ಬರ್ ತುಂಡು, ಒಂದು ನೈಲಾನ್ ತುಂಡು ಅವಳ ಕೈಗೆ ಕೊಟ್ಟು, ಬೆಂಚಿಗೆ ಬಡಿದು ತೋರಿಸಿ, ಎಲ್ಲ ಹೇಳಿದೆ. ಅಂದೇ ಗೊತ್ತಿತ್ತು ಎನ್ನುವುದನ್ನೂ ಹೇಳಿದೆ.

ಅವಳು ಎರಡೂ ತುಂಡುಗಳನ್ನು ಬೆಂಚಿನ ಮೇಲಿಟ್ಟಳು. ಆಮೇಲೆ, ‘ಒಂದು ವರ್ಷ ಎನ್ನ ಕೈ ನೋಡ್ಕ್ಯಂಡು ಕೂತಿದ್ದೆ, ತಮಾ,’ ಎಂದಳು. ಬೈದಿದ್ದರೆ ಸುಲಭವಿತ್ತು.

‘ಬುಶ್ ಬದಲ್ಸ್ತೆ,’ ಎಂದೆ.

‘ಬದಲ್ಸು. ವಾನಳ್ಳಿಯವ್ಕೆ ತಡೀರಿ ಹೇಳ್ತೆ. ಆದ್ರೆ ಸರಿ ಆತು ಹೇಳಿ ನೀನು ಹೇಳದು ಬ್ಯಾಡ, ಹುಳ ಹೇಳ್ಲಿ. ಎನ್ನ ಹತ್ರ ತುಪ್ಪ ಇಲ್ಲದ್ದ, ಹುಳ ಮಾತ್ರ ಇಪ್ಪ ಪೆಟ್ಟಿಗೆ ಒಂದಿದ್ದು. ತೊಡೆ ಮೇಲೆ ಇಟ್ಕಂಡು ಹಿಂದೆ ಕೂತ್ಕ. ಗಾಡಿ ಬೇರೆಯವು ಹೊಡೀಲಿ.’

ಹಾಗೆ ಬುಶ್ ಆರಿಸಿದವನು ಮೂರು ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಸಿರ್ಸಿಯ ಗೆಳೆಯ ಗಾಡಿ ಓಡಿಸಲು ಒಪ್ಪಿದ. ‘ಆ ಜಾಲಿ ಕಿತ್ತು ಬಂತಂದ್ರ ನಾ ಸ್ಟೇರಿಂಗ್ ಬಿಟ್ಟು ಹಾರ್ತೀನ್ರಿ. ಆಮ್ಯಾಲ ಬುಶ್ ಹೋತೋ ಕಾರ್ ಹೋತೋ ನೀವ ನೋಡ್ಕೊಳ್ರಿ,’ ಎಂದು ಮೊದಲೇ ಹೇಳಿದ. ಮೊದಲು ನೈಲಾನ್ ಬಿಚ್ಚದೆಯೇ, ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ದೂರ ಹೋದೆವು. ಹಲಗೆಯ ಮೂಲಕ ಹುಳಗಳ ಸದ್ದು ನನ್ನ ತೊಡೆಗೆ ಬರುತ್ತಿತ್ತು. ಏರಿದ ಸದ್ದು ಇಳಿಯಲೇ ಇಲ್ಲ. ನನ್ನ ಕಾರನ್ನು ನಾನು ಹಿಂದೆ ಕೂತು ಕಂಡದ್ದು ಅದೇ ಮೊದಲು.

ರಬ್ಬರ್ ಹಾಕಿದೆ. ಆದರೂ ಜೇನು ಒಪ್ಪಲಿಲ್ಲ. ಕಾರಿನ ಮುಂಭಾಗ ಎತ್ತರಕ್ಕೆ ನಿಂತು, ಹೊಂಡ ಸಿಕ್ಕಿದಲ್ಲೆಲ್ಲ ಕುಕ್ಕುತ್ತಿತ್ತು. ಗೆಳೆಯ ಕೆಳಗೆ ಬಗ್ಗಿ ನೋಡಿ ನಕ್ಕ. ‘ಜಾಕ್ ಮ್ಯಾಲ ಇದ್ದಾಗನ ನಟ್ ಬಿಗದೀರೇನ್ರಿ? ರಬ್ಬರ್ ಕುತ್ಗಿ ತಿರುವಿ ಕುಂದ್ರಿಸೀರಲ್ರಿ!’ ಚಕ್ರ ನೇತಾಡುವಾಗ ಬಿಗಿದರೆ, ಕಾರು ನೆಲಕ್ಕೆ ಇಳಿದಾಗ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ನಟ್ಟು ಸಡಿಲಿಸಿ, ಕಾರು ನೆಲಕ್ಕಿಳಿಸಿ, ಮುಂಭಾಗವನ್ನು ಕುಲುಕಿ ಕೂರಿಸಿ, ಆಮೇಲೆ ಬಿಗಿದೆ. ತೋಳಿನ ಬುಡಕ್ಕೆ ಮೆತ್ತಗಿನ ರಬ್ಬರ್ ಇಟ್ಟೆ. ತೋಳನ್ನು ಮುಂದಕ್ಕೆ ಎಳೆದು ಹಿಡಿಯುವ ಸರಳಿಗೆ ಮಾತ್ರ, ಉಗುರು ಒತ್ತಿ ನೋಡಿ, ಗಟ್ಟಿ ಜಾತಿಯ ರಬ್ಬರ್ ಆರಿಸಿದೆ. ಮತ್ತೆ ಪೆಟ್ಟಿಗೆ ತೊಡೆಗೇರಿತು. ಹೊಂಡಕ್ಕೆ ಬಿದ್ದಾಗ ಹುಳಗಳು ಒಮ್ಮೆ ಸಿಡುಕಿ, ಮುಂದಿನ ತಿರುವಿನೊಳಗೆ ತಣ್ಣಗಾದವು. ಕಾರು ತಿರುವಿನಲ್ಲಿ ತೇಲಲೂ ಇಲ್ಲ. ಆ ಎರಡು ಗಡಸಿನ ಜೋಡಣೆ ನಾನೇ ಕಂಡುಕೊಂಡದ್ದು. ಈಗಲೂ ಹೇಳಿಕೊಳ್ಳುತ್ತೇನೆ.

ದೀಪಾವಳಿ ಕಳೆದ ಮೇಲೆ ಅಕ್ಕ ನಾರು ಕಟ್ಟಿದಳು. ಒಂದೇ ಸಲ ಕಟ್ಟಿದಳು, ಬಿಚ್ಚಲಿಲ್ಲ. ನನ್ನ ಪಕ್ಕ ಕೂರದೆ ಹಿಂದೆ ಹೋಗಿ ಒಂದು ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡಳು. ಚಂದಗುಳಿಯಲ್ಲಿ ಅದೇ ಮನೆಯವರು ಸುತ್ತ ನಿಂತರು. ಅವಳು ಮುಚ್ಚಳ ತೆಗೆಯುವ ಮೊದಲು ನಾನು ಅವರೆದುರು ಹೇಳಿದೆ: ಹೋದ ವರ್ಷದ್ದು ನನ್ನ ಕಾರಿನ ತಪ್ಪು, ಇವಳ ಕೈಯದ್ದಲ್ಲ. ಅಕ್ಕ, ‘ಸುಮ್ನಿರು, ಹೊಗೆ ಹಿಡಿ,’ ಎಂದು ಹುಳಗಳನ್ನು ತಣ್ಣಗಿಡುವ ಹೊಗೆ ಡಬ್ಬಿ ನನ್ನ ಕೈಗೆ ತುರುಕಿದಳು. ಮುಚ್ಚಳ ತೆಗೆದಳು. ಎಲ್ಲ ಎರಿಗಳೂ ಕಟ್ಟಿದ ಹಾಗೇ ನೇತಾಡುತ್ತಿದ್ದವು. ವಾನಳ್ಳಿಯವರಿಗೆ ಪೆಟ್ಟಿಗೆ ಹೋಗಲಿಲ್ಲ.

ಎರಡು ಸಾವಿರ ಇಸವಿ ದಾಟಿದ ಮೇಲೂ ಆ ಪ್ರಯಾಣ ನಿಲ್ಲಲಿಲ್ಲ. ಅಕ್ಕನ ಸೊಂಟ ಬಗ್ಗಿತ್ತು, ತೊಡೆಯ ಮೇಲಿನ ಪೆಟ್ಟಿಗೆ ಮಾತ್ರ ತಪ್ಪಲಿಲ್ಲ. ಒಂದು ವರ್ಷ ಸಿರ್ಸಿ ಬಿಟ್ಟು ಸ್ವಲ್ಪ ದೂರ ಹೋಗಿದ್ದೆವು. ಸ್ಟೇರಿಂಗ್ ಹಿಡಿದ ನನಗೆ ಏನೂ ಗೊತ್ತಾಗಿರಲಿಲ್ಲ.

‘ನಿಲ್ಸು ತಮಾ,’ ಎಂದಳು ಹಿಂದಿನಿಂದ. ‘ಎಡದ ಬದಿಗೆ ಎಂತೋ ಆಯ್ದು. ಇವು ಆಗಿಂದ ಬೈತಾ ಇದ್ದ.’

ಇಳಿದು ಬಗ್ಗಿ ನೋಡಿದೆ. ಎಡಗಡೆಯ ತೋಳಿನ ಬುಶ್ ಸೀಳು ಬಿಟ್ಟಿತ್ತು. ಅಲ್ಲಿಂದ ಮುಂದೆ ಗಾಡಿಯನ್ನು ಕಾಲ್ನಡಿಗೆಯಷ್ಟು ನಿಧಾನ ಓಡಿಸಿದೆ, ಪ್ರತಿ ಹೊಂಡಕ್ಕೂ ಹುಳಗಳು ಏನೆನ್ನುತ್ತಿವೆ ಎಂದು ಅಕ್ಕನನ್ನು ಕೇಳಿಕೊಂಡು.